ಅಂಗ ಐದು, ಮೂಲ ಎರಡು

ಒಂಟಿಕೊಪ್ಪಲ್ ಎಂದರೆ ಮೈಸೂರಿನ ಯಾವ ಮೂಲೆ ಎಂದು ಗೊತ್ತಿಲ್ಲದವರಿಗೂ ಒಂಟಿಕೊಪ್ಪಲ್ ಪಂಚಾಂಗ ಗೊತ್ತು. ದೂರದ ಊರುಗಳ ಮದುವೆ ಮನೆಗಳಲ್ಲಿ ನನ್ನ ವಿಳಾಸ ಹೇಳಿದ ಕೂಡಲೇ, 'ಓ, ಪಂಚಾಂಗದ ಒಂಟಿಕೊಪ್ಪಲ್ಲಾ?' ಎಂದು ಹಿರಿಯರು ಕೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಕೋನಗಳ ಪಾಠ ಬಂದಾಗ ಆ ಪಂಚಾಂಗವನ್ನೇ ತರಗತಿಗೆ ಒಯ್ಯುತ್ತಿದ್ದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಅಂಗಗಳು ಐದು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು. ಅದರ ಅರ್ಧ, 6 ಡಿಗ್ರಿಗೆ, ಒಂದು ಕರಣ. ಚಂದ್ರ ಇರುವ ಸ್ಥಾನವನ್ನು 13 ಡಿಗ್ರಿ 20 ಮಿನಿಟಿನ ಮನೆಗಳಲ್ಲಿ ಎಣಿಸಿದರೆ ನಕ್ಷತ್ರ. ಸೂರ್ಯ, ಚಂದ್ರ ಇಬ್ಬರ ಸ್ಥಾನವನ್ನೂ ಕೂಡಿಸಿ ಅದೇ ಅಳತೆಯಿಂದ ಭಾಗಿಸಿದರೆ ಯೋಗ. ವಾರವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಹುಟ್ಟುವುದು ಎರಡೇ ಅಂಕಿಯಿಂದ, ಸೂರ್ಯನ ಸ್ಥಾನ ಮತ್ತು ಚಂದ್ರನ ಸ್ಥಾನ. ಮಕ್ಕಳು ಇದನ್ನು ಕೇಳಿ ಬೆರಗಾಗುತ್ತಿದ್ದರು. ಶೇರುಪೇಟೆಯಲ್ಲಿ ಇವತ್ತು ಕೊಂಡು ನಾಳಿದ್ದು ಮಾರುವವರು ಯಾವ ಸೂಚಕ ನೋಡಬೇಕು ಎಂಬ ಪ್ರಶ್ನೆಗೆ ನಾನು ಮೊದಲು ಕೊಡುವ ಉತ್ತರವೂ ಈ ಲೆಕ್ಕದಲ್ಲೇ ಇದೆ.

ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಗುರುತು ಹುಡುಕುವ ಚಾಳಿ ನಮ್ಮಲ್ಲಿ ಶೇರುಪೇಟೆಗಿಂತ ಬಹಳ ಹಳೆಯದು. ಯುಗಾದಿಯಂದು ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ಕೇಳಿದವರಿಗೆ ನವನಾಯಕರ ಹೆಸರು ನೆನಪಿರುತ್ತದೆ. ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ ಎಂದು ಸಾಗುವ ಆ ಸಾಲಿನಲ್ಲಿ ಅರ್ಘಾಧಿಪತಿ ಎಂಬ ಒಬ್ಬನಿದ್ದಾನೆ. ಅವನ ಖಾತೆ ಬೆಲೆಯದು. ಬುಧ ಅರ್ಘಾಧಿಪತಿಯಾದರೆ ಧಾರಣೆ ಹೇಗೆ, ಕುಜನಾದರೆ ಹೇಗೆ ಎಂದು ಪುರೋಹಿತರು ಓದುತ್ತಾರೆ. ಕಂಬಕ್ಕೆ ಒರಗಿ ಕುಳಿತ ದಿನಸಿ ವ್ಯಾಪಾರಿಗಳು ಆ ಒಂದು ವಾಕ್ಯಕ್ಕೆ ಕಿವಿ ನಿಮಿರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬೆಲೆಯ ಏರಿಳಿತಕ್ಕೇ ಒಂದು ಅಧ್ಯಾಯವಿದೆ, ಅರ್ಘಕಾಂಡ ಎಂದು. ಕನ್ನಡದಲ್ಲಿ ಸುಮಾರು 1300ರ ಹೊತ್ತಿಗೆ ರಟ್ಟಕವಿ ರಟ್ಟಮತವನ್ನು ಬರೆದ. ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತ ಗ್ರಂಥ ಅದು. ಮಳೆಯ ಗುರುತು ಹಿಡಿದವನಿಗೆ ಬೆಳೆಯ ಗುರುತು ಸಿಕ್ಕಿತು, ಬೆಳೆಯ ಗುರುತು ಸಿಕ್ಕವನಿಗೆ ಧಾರಣೆಯ ಗುರುತು ಸಿಕ್ಕಿತು ಎಂಬ ನಂಬಿಕೆ ಆಗಿನದು. ಅವರು ಕೇಳಿಕೊಂಡ ಪ್ರಶ್ನೆಯನ್ನು ನಾನು ಗೌರವದಿಂದ ಕಾಣುತ್ತೇನೆ. ಒಂದು ವರ್ಷದ ದವಸವನ್ನು ಯಾವಾಗ ಮಾರಬೇಕು ಎಂಬುದು ಮನೆ ಉಳಿಯುವ ಪ್ರಶ್ನೆಯಾಗಿತ್ತು.

ಜಪಾನಿನಲ್ಲೂ ಬೆಲೆಯ ಗುರುತು ಹುಡುಕುವ ಚಾಳಿಗೆ ದವಸವೇ, ಅಲ್ಲಿ ಅಕ್ಕಿಯೇ, ಮೂಲ. ಒಸಾಕಾದ ದೋಜಿಮಾ ಅಕ್ಕಿಪೇಟೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1730ರಲ್ಲಿ. ಸಕಾತಾ ಊರಿನ ಹೊನ್ಮಾ ಮುನೆಹಿಸಾ ಎಂಬ ಅಕ್ಕಿ ವ್ಯಾಪಾರಿಯ ಹೆಸರನ್ನು ಇವತ್ತಿನ ಕ್ಯಾಂಡಲ್ ಚಾರ್ಟಿಗೆ ಜೋಡಿಸಿ ಹೇಳುತ್ತಾರೆ. ಆದರೆ ಆ ಚಾರ್ಟು ಈಗಿನ ರೂಪಕ್ಕೆ ಬಂದದ್ದು ಬಹುಶಃ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಂದು ಸ್ಟೀವ್ ನಿಸನ್ ಹೇಳುತ್ತಾರೆ. ಕ್ಯಾಂಡಲನ್ನು ಜಪಾನಿನ ಹೊರಗೆ ಪರಿಚಯಿಸಿದ 1991ರ ಪುಸ್ತಕ ಅವರದೇ. ಅಂದರೆ ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವ ಕೆಂಪು ಹಸಿರು ಕಡ್ಡಿಗಳು ಮೈಸೂರಿಗೆ ಬಂದು ಮೂವತ್ತು ಚಿಲ್ಲರೆ ವರ್ಷವಾಗಿದೆ, ಅಷ್ಟೆ.

ಒಂಟಿಕೊಪ್ಪಲಿಗೆ ಇನ್ನೊಂದು ಹೆಮ್ಮೆಯಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಆರಂಭಿಸಿದ್ದು ಇಲ್ಲೇ. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಮುಂದೆ ಅದೇ ಆಕಾಶವಾಣಿ ಪೇಟೆ ಧಾರಣೆ ಓದತೊಡಗಿತು. ಅಡಿಕೆ, ಕೊಬ್ಬರಿ, ಬೆಲ್ಲ, ರೇಷ್ಮೆಗೂಡು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ಅರ್ಘಾಧಿಪತಿ ವರ್ಷಕ್ಕೊಂದು ಮಾತು ಹೇಳುತ್ತಿದ್ದರೆ ರೇಡಿಯೋ ದಿನಕ್ಕೊಂದು ಅಂಕಿ ಕೊಟ್ಟಿತು. ದಿನಕ್ಕೊಂದು ಅಂಕಿ ಸಿಕ್ಕಮೇಲೆ ಅದನ್ನು ಬರೆದಿಡುವವರು ಹುಟ್ಟಿದರು.

ನಮ್ಮ ಚಿಕ್ಕಪ್ಪ ಅಂಥವರು. ಬ್ಯಾಂಕಿನಲ್ಲಿ ಗುಮಾಸ್ತರು. ಎಂಬತ್ತರ ದಶಕದಲ್ಲಿ ಶೇರು ಎಂದರೆ ನಮ್ಮ ಬೀದಿಯಲ್ಲಿ ಜೂಜು ಎಂದೇ ಲೆಕ್ಕ. ಚಿಕ್ಕಪ್ಪ ಗ್ರಾಫ್ ಹಾಳೆ ಹರಡಿಕೊಂಡು ಕೂತರೆ ಅಜ್ಜಿ ದೇವರ ಮನೆಯ ಬಾಗಿಲು ಮುಂದಕ್ಕೆ ಮಾಡುತ್ತಿದ್ದರು. ಅವರು ಬರೆಯುತ್ತಿದ್ದ ಶೇರುಗಳಲ್ಲಿ ಒಂದು ವಿಕ್ರಾಂತ್ ಟಯರ್ಸ್. ಕೆ.ಆರ್.ಎಸ್. ರಸ್ತೆಯಲ್ಲಿ, ಮೇಟಗಳ್ಳಿಯ ಕಡೆ ಹೋದರೆ ಸಿಗುವ ಕಾರ್ಖಾನೆ. 1997ರಲ್ಲಿ ಜೆ.ಕೆ.ಯವರ ಕೈಗೆ ಹೋಯಿತು. ಎದುರು ಮನೆಯವರೇ ಅಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಟಯರಿಗೆ ಬೇಡಿಕೆ ಇದೆಯೋ ಇಲ್ಲವೋ ಎಂಬುದು ಬೆಳಿಗ್ಗೆ ಹಾಲಿನ ಕ್ಯೂನಲ್ಲೇ ತಿಳಿಯುತ್ತಿತ್ತು. ಆದರೂ ಚಿಕ್ಕಪ್ಪ ಪತ್ರಿಕೆಯ ಬೆಲೆಯನ್ನೇ ಬರೆಯುತ್ತಿದ್ದರು. 'ಅವರು ಹೇಳಿದ್ದು ಅವರಿಗೆ ಗೊತ್ತಿರೋದು ಮಗು. ಬೆಲೆ ಹೇಳೋದು ಎಲ್ಲರಿಗೂ ಗೊತ್ತಿರೋದು' ಎನ್ನುತ್ತಿದ್ದರು. ಚಾರ್ಲ್ಸ್ ಡೌ 1884ರಲ್ಲಿ ಹನ್ನೊಂದು ಶೇರುಗಳ ಸರಾಸರಿ ತೆಗೆದು ಪ್ರಕಟಿಸಿದ್ದರ ಹಿಂದಿನ ವಿಚಾರವೂ ಇದಕ್ಕೆ ಹತ್ತಿರದ್ದೇ. ಚಿಕ್ಕಪ್ಪ ಡೌ ಹೆಸರು ಕೇಳಿದ್ದರೋ ಇಲ್ಲವೋ, ವಿಚಾರವಂತೂ ಕೈಗೆ ಸಿಕ್ಕಿತ್ತು.

ಕೂಡುವ ಕೆಲಸ ನನ್ನದು. ಹತ್ತು ದಿನದ ಸರಾಸರಿಯನ್ನು ಪ್ರತಿದಿನ ಹತ್ತು ಅಂಕಿ ಕೂಡಿಸಿ ತೆಗೆಯಬೇಕಿಲ್ಲ. ನಿನ್ನೆಯ ಹತ್ತು ದಿನದ ಮೊತ್ತ 1,460 ಇತ್ತು ಅನ್ನಿ. ಅತ್ಯಂತ ಹಳೆಯ ದಿನದ ಬೆಲೆ 138, ಅದನ್ನು ಕಳೆ. ಇವತ್ತಿನದು 151, ಅದನ್ನು ಕೂಡು. ಮೊತ್ತ 1,473. ಹತ್ತರಿಂದ ಭಾಗಿಸುವುದಕ್ಕೆ ಒಂದು ಚುಕ್ಕಿ ಸಾಕು, 147.3. ಹೊಸ ಬೆಲೆ ಬಿಟ್ಟುಹೋಗುವ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಸರಾಸರಿ ಏರುತ್ತದೆ. ಇವತ್ತಿನ ಬೆಲೆ ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಇದು ನನಗೆ ಅರ್ಥವಾದದ್ದು ಕೈಲೆಕ್ಕದಿಂದ. ಬೆಲೆ ಕುಸಿಯುತ್ತಿರುವಾಗಲೂ ಸರಾಸರಿ ಮೇಲಕ್ಕೆ ಹೋಗುವುದನ್ನು ಕಣ್ಣಾರೆ ಕಂಡೆ, ಏಕೆಂದರೆ ಆ ದಿನ ಪಟ್ಟಿಯಿಂದ ಉದುರಿದ್ದು ಇನ್ನೂ ಕಡಿಮೆಯ ಹಳೆಯ ಬೆಲೆ. ಗೆರೆಯನ್ನು ಯಂತ್ರವೇ ಎಳೆದುಕೊಡುವಾಗ ಈ ಉದುರುವ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೂಚಕ ಆರಿಸಿಕೊಳ್ಳುವವರು ಒಂದು ತಿಂಗಳಾದರೂ ಅದನ್ನು ಕೈಯಲ್ಲಿ ಲೆಕ್ಕ ಹಾಕಲಿ ಎಂದು ನಾನು ಪಟ್ಟುಹಿಡಿದು ಹೇಳುವುದು ಈ ಕಾರಣಕ್ಕೆ.

ಸರಾಸರಿಗಳನ್ನು ವ್ಯಾಪಾರದ ಕಟ್ಟುಪಾಡಾಗಿ ಮಾಡಿದವರಲ್ಲಿ ಅಮೆರಿಕದ ರಿಚರ್ಡ್ ಡಾಂಚಿಯನ್ ದೊಡ್ಡ ಹೆಸರು. ಐದು ಮತ್ತು ಇಪ್ಪತ್ತು ದಿನದ ಸರಾಸರಿ ಅವರದು. ಹಿಂದಿನ ನಾಲ್ಕು ವಾರದ ಗರಿಷ್ಠ ಬೆಲೆಯನ್ನು ದಾಟಿದರೆ ಕೊಳ್ಳು ಎಂಬ ನಿಯಮವೂ ಅವರದೇ. ಜಾರ್ಜ್ ಲೇನ್ ಐವತ್ತರ ದಶಕದಲ್ಲಿ ಸ್ಟೊಕ್ಯಾಸ್ಟಿಕ್ ಬಳಕೆಗೆ ತಂದರು. ಇತ್ತೀಚಿನ ದಿನಗಳ ಗರಿಷ್ಠ ಕನಿಷ್ಠಗಳ ನಡುವೆ ಇವತ್ತಿನ ಬೆಲೆ ಎಲ್ಲಿ ನಿಂತಿದೆ ಎಂದು ಅದು ಅಳೆಯುತ್ತದೆ. 1963ರಲ್ಲಿ ಜೋಸೆಫ್ ಗ್ರಾನ್ವಿಲ್ ಬೆಲೆಯನ್ನು ಬಿಟ್ಟು ವಹಿವಾಟಿನ ಪ್ರಮಾಣದ ಕಡೆ ತಿರುಗಿ ಆನ್ ಬ್ಯಾಲೆನ್ಸ್ ವಾಲ್ಯೂಮ್ ಕೊಟ್ಟರು. ಎಪ್ಪತ್ತರ ದಶಕದ ಕೊನೆಗೆ ಜೆರಾಲ್ಡ್ ಅಪೆಲ್ ಅವರ ಎಂಎಸಿಡಿ ಬಂತು, 12 ಮತ್ತು 26 ದಿನದ ಸರಾಸರಿಗಳ ಅಂತರ. ಎಂಬತ್ತರ ಆರಂಭದಲ್ಲಿ ಜಾನ್ ಬಾಲಿಂಜರ್ 20 ದಿನದ ಸರಾಸರಿಯ ಎರಡೂ ಬದಿಗೆ ಪಟ್ಟಿ ಎಳೆದರು.

ನನಗೆ ಎಲ್ಲರಿಗಿಂತ ಹತ್ತಿರವಾದವರು ವೆಲ್ಸ್ ವೈಲ್ಡರ್. ಮೆಕ್ಯಾನಿಕಲ್ ಎಂಜಿನಿಯರ್. 1978ರ ಒಂದೇ ಪುಸ್ತಕದಲ್ಲಿ ಏರಿಕೆಯನ್ನು ಇಳಿಕೆಯೊಂದಿಗೆ ತೂಗುವ ಆರ್‌ಎಸ್‌ಐ, ಎಟಿಆರ್, ಎಡಿಎಕ್ಸ್, ಪ್ಯಾರಾಬೊಲಿಕ್ ಎಲ್ಲವನ್ನೂ ಇಟ್ಟರು. ಅದರ ಜೆರಾಕ್ಸ್ ಪ್ರತಿಯೊಂದು ಬೆಂಗಳೂರಿನಿಂದ ಚಿಕ್ಕಪ್ಪನ ಕೈ ಸೇರಿತ್ತು. ದಾರ ಹಾಕಿ ಹೊಲಿದ ಕಟ್ಟು. ಪುಸ್ತಕದಲ್ಲಿ ಪ್ರತಿ ಸೂಚಕಕ್ಕೂ ಕೈಲೆಕ್ಕದ ಪಟ್ಟಿ, ಕಾಲಂ ಕಾಲಂ ಆಗಿ. ವೈಲ್ಡರ್ ಹದಿನಾಲ್ಕು ದಿನದ ಸರಾಸರಿಯನ್ನು ಹೇಗೆ ಕಟ್ಟಿದರು ನೋಡಿ. ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸು, ಇವತ್ತಿನದನ್ನು ಕೂಡು, 14ರಿಂದ ಭಾಗಿಸು. ನಿನ್ನೆಯ ಸರಾಸರಿ ಏರಿಕೆ 2.10, ಇವತ್ತು ಬೆಲೆ 4 ರೂಪಾಯಿ ಏರಿತು ಎಂದರೆ 27.30ಕ್ಕೆ 4 ಸೇರಿ 31.30, ಹದಿನಾಲ್ಕರಿಂದ ಭಾಗಿಸಿದರೆ 2.24. ಹಳೆಯ ಹದಿನಾಲ್ಕು ಬೆಲೆ ಬೇಕಿಲ್ಲ, ನಿನ್ನೆಯ ಒಂದು ಅಂಕಿ ಸಾಕು. ದಿನವೂ ಪೆನ್ಸಿಲ್ ಹಿಡಿಯುವವನ ಕಷ್ಟ ಬಲ್ಲವರು ಕಟ್ಟಿದ ಲೆಕ್ಕ ಇದು. ಕಟ್ಟಿದ್ದು ಮುಖ್ಯವಾಗಿ ಸರಕು ಪೇಟೆಗಾಗಿ. 14 ಎಂಬುದೂ, ಬೆಲೆ ಅತಿಯಾಗಿ ಏರಿದೆ, ಅತಿಯಾಗಿ ಇಳಿದಿದೆ ಎನ್ನಲು ಹಾಕಿದ 70 ಮತ್ತು 30 ಎಂಬ ಗಡಿಗಳೂ ಅವರು ತಮ್ಮ ಪೇಟೆಗೆ, ತಮ್ಮ ಸಲಕರಣೆಗೆ ಒಪ್ಪುವಂತೆ ಆರಿಸಿಕೊಂಡವು. ನಮ್ಮ ಕಡೆ ಅವು ಶಾಸನದಂತೆ ನಿಂತುಬಿಟ್ಟಿವೆ.

ಚಿಕ್ಕಪ್ಪನ ಕಾಲದ ನಮ್ಮ ಪೇಟೆ ಹೇಗಿತ್ತು? ಮುಂಬಯಿಯ ರಿಂಗಿನಲ್ಲಿ ದಲ್ಲಾಳಿಗಳು ಕೂಗಿ ವ್ಯಾಪಾರ ಮಾಡುತ್ತಿದ್ದರು. ನಮ್ಮ ಸೀಮೆಗೆ ಬೆಂಗಳೂರು ಶೇರು ವಿನಿಮಯ ಕೇಂದ್ರವಿತ್ತು, 1963ರಲ್ಲಿ ಮಾನ್ಯತೆ ಪಡೆದದ್ದು. ಎಂಬತ್ತರ ದಶಕದಲ್ಲಿ ಮಂಗಳೂರಿನದೂ ಸೇರಿತು. ಮುಖ್ಯ ಶೇರುಗಳಿಗೆ ಲೆಕ್ಕ ಚುಕ್ತಾ ಆಗುತ್ತಿದ್ದುದು ಎರಡು ವಾರಕ್ಕೊಮ್ಮೆ. ಆಗಲೂ ಹಣ ಹೊಂದದಿದ್ದರೆ ಬದ್ಲಾ ಕೊಟ್ಟು ಮುಂದಿನ ಚುಕ್ತಾಕ್ಕೆ ತಳ್ಳಬಹುದಿತ್ತು. ಹೀಗಿರುವಾಗ ಅಲ್ಪಾವಧಿ ಎಂದರೆ ಸಹಜವಾಗಿ ಎರಡು ವಾರವೇ. ಚುಕ್ತಾ ದಿನ ಹತ್ತಿರವಾದಂತೆ ಕೊಂಡವರೆಲ್ಲ ಮಾರಲು ಓಡುವರು, ಬೆಲೆ ಜಗ್ಗುವುದು. ಆ ಜಗ್ಗುವಿಕೆಯನ್ನು ಹದಿನಾಲ್ಕು ದಿನದ ಆರ್‌ಎಸ್‌ಐ ಚೆನ್ನಾಗಿ ಹಿಡಿಯುತ್ತಿತ್ತು ಎಂದು ಚಿಕ್ಕಪ್ಪ ನಂಬಿದ್ದರು. ಸೂಚಕದ ಹಿಂದೆ ಚುಕ್ತಾದ ಗಡಿಯಾರ ಕೂತಿತ್ತು ಎಂಬುದು ನನ್ನ ಅಭಿಪ್ರಾಯ. ವಹಿವಾಟಿನ ಪ್ರಮಾಣವೋ, ನಮಗೆ ಬರುತ್ತಿದ್ದ ಪತ್ರಿಕೆಯಲ್ಲಿ ಅಚ್ಚಾಗುತ್ತಲೇ ಇರಲಿಲ್ಲ. ಗ್ರಾನ್ವಿಲ್ ಅವರ ಸೂಚಕ ಬೇಕೆಂದರೂ ನಮ್ಮ ಜಗುಲಿಯಲ್ಲಿ ಕಟ್ಟುವುದು ಸಾಧ್ಯವಿರಲಿಲ್ಲ. ಯಾವುದು ಸಿಗುತ್ತದೋ ಅದರಿಂದಲೇ ಜನ ಸೂಚಕ ಆರಿಸುತ್ತಾರೆ. ಒಳ್ಳೆಯದು ಯಾವುದು ಎಂಬ ವಿಚಾರ ಆಮೇಲಿನದು.

1994ರ ನವೆಂಬರಿನಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಪರದೆಯ ಮೇಲೆ ಶೇರು ವಹಿವಾಟು ಶುರು ಮಾಡಿತು. ಮರುವರ್ಷ ಮುಂಬಯಿ ಕೇಂದ್ರವೂ ರಿಂಗು ಬಿಟ್ಟು ಬೋಲ್ಟ್ ಪರದೆಗೆ ಬಂತು. ಊರೂರಿನ ಬ್ರೋಕರ್ ಕಟ್ಟಡಗಳ ಮಹಡಿಗೆ ಉಪಗ್ರಹದ ಡಿಶ್ ಏರಿದವು. ಕಾಳಿದಾಸ ರಸ್ತೆಯ ಆಸುಪಾಸಿನ ಟರ್ಮಿನಲ್ ಕೋಣೆಗಳಲ್ಲಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು ಬೆಂಚಿನ ಮೇಲೆ ಕೂತು ಮಿಣಮಿಣ ಅಂಕಿ ನೋಡುತ್ತಿದ್ದರು. ಚುಕ್ತಾ ಆಗ ವಾರಕ್ಕೊಮ್ಮೆ. ಮುಂಬಯಿಯ ವಾರ ಸೋಮವಾರದಿಂದ ಶುಕ್ರವಾರ, ಎನ್‌ಎಸ್‌ಇಯದು ಬುಧವಾರದಿಂದ ಮಂಗಳವಾರ. ಶುಕ್ರವಾರ ಒಂದು ಕಡೆ ಚುಕ್ತಾ ಮಾಡಿ ಇನ್ನೊಂದು ಕಡೆ ಮುಂದುವರಿಸುವ ಚಾಣಾಕ್ಷರು ಅಲ್ಲಿ ಇದ್ದರು. ಆ ಕೋಣೆಗಳಲ್ಲಿ ಪಂಚಾಂಗವೂ ಇರುತ್ತಿತ್ತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆ ಹೊತ್ತಿನಲ್ಲಿ ಹೊಸದಾಗಿ ಏನೂ ಕೊಳ್ಳದ ಹಿರಿಯರನ್ನು ಚಿಕ್ಕಪ್ಪ ತೋರಿಸಿಕೊಟ್ಟಿದ್ದರು. ರಾಹುವಿನ ವಿಚಾರ ನಂಬಿದವರಿಗೆ ಬಿಟ್ಟದ್ದು. ಆದರೆ ದಿನಕ್ಕೆ ಒಂದೂವರೆ ಗಂಟೆ ಕೈ ಕಟ್ಟಿಕೊಂಡು ಕೂರುವ ನೇಮ ಇದ್ದವರು ಅಷ್ಟು ಕಡಿಮೆ ಸಲ ಕೊಂಡು ಮಾರುತ್ತಿದ್ದರು ಎಂಬುದು ಲೆಕ್ಕದ ಮಾತು, ಮತ್ತು ಪ್ರತಿ ಕೊಡುಕೊಳ್ಳುವಿಕೆಗೂ ದಲಾಲಿ ಇತ್ತು.

2001ರ ಜುಲೈನಲ್ಲಿ ಬದ್ಲಾ ನಿಂತಿತು. ಆ ವರ್ಷದ ಕೊನೆಗೆ ಎಲ್ಲ ಶೇರುಗಳಿಗೂ ದಿನದಿನದ ಚುಕ್ತಾ, ವಹಿವಾಟಾದ ಐದನೆಯ ದಿನಕ್ಕೆ. 2002ರಲ್ಲಿ ಅದು ಮೂರಕ್ಕೆ, 2003ರಲ್ಲಿ ಎರಡಕ್ಕೆ ಇಳಿಯಿತು. 2023ರ ಜನವರಿ 27ರಿಂದ ಮರುದಿನವೇ ಚುಕ್ತಾ. ಚಿಕ್ಕಪ್ಪನ ಕಾಲದಿಂದ ಇಲ್ಲಿಗೆ ಪೇಟೆಯ ಗಡಿಯಾರ ಎರಡು ವಾರದಿಂದ ಒಂದು ದಿನಕ್ಕೆ ಬಂದು ನಿಂತಿದೆ. ಆರ್‌ಎಸ್‌ಐಯ ಪಕ್ಕದ ಅಂಕಿ ಮಾತ್ರ ಈಗಲೂ 14. ಐದು ನಿಮಿಷದ ಚಾರ್ಟಿನಲ್ಲೂ ಅದೇ 14. ಅಲ್ಲಿ ಅದು ಎಪ್ಪತ್ತು ನಿಮಿಷ.

ನಮ್ಮ ಅಣ್ಣನ ಮಗ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಯ ದಿನ ಬಂದು ನನ್ನ ಎದುರು ಲ್ಯಾಪ್‌ಟಾಪ್ ಇಟ್ಟ. ಪರದೆಯಲ್ಲಿ ಆರ್‌ಎಸ್‌ಐ, ಸ್ಟೊಕ್ಯಾಸ್ಟಿಕ್, ಎಂಎಸಿಡಿ, ಬಾಲಿಂಜರ್ ಪಟ್ಟಿ, ಎರಡು ಸರಾಸರಿ. 'ಅತ್ತೆ, ಎಲ್ಲಾನೂ ಕೊಳ್ಳು ಅಂತಿವೆ' ಎಂದ. ನಾನು ಪಂಚಾಂಗ ತಂದು ಪಕ್ಕದಲ್ಲಿಟ್ಟೆ. ತಿಥಿಯೂ ಕರಣವೂ ಒಂದೇ ಅಂತರದಿಂದ ಬಂದವು, ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳಲಾರದು. ಪರದೆಯ ಆರೂ ಬೆಲೆಯಿಂದಲೇ ಬಂದವು. ಆರು ಜನ ಒಪ್ಪಿದರು ಎಂದು ಅವನಿಗೆ ಕಂಡದ್ದು ವಾಸ್ತವದಲ್ಲಿ ಒಬ್ಬನೇ ಆರು ಸಲ ಆಡಿದ ಮಾತು. ಪಂಚಾಂಗ ಕಟ್ಟಿದವರಿಗೆ ಇದು ಗೊತ್ತಿತ್ತು, ಅದಕ್ಕೇ ಅವರು ಒಂದೊಂದು ಅಂಗಕ್ಕೆ ಒಂದೊಂದು ಕೆಲಸ ಹಚ್ಚಿದರು. ಏಕಾದಶಿಯ ಉಪವಾಸಕ್ಕೆ ತಿಥಿ, ಹೆಸರಿಡುವಾಗ ನಕ್ಷತ್ರ. ಸೂಚಕವನ್ನೂ ಹಾಗೆ ಕೆಲಸ ನೋಡಿ ಆರಿಸಬೇಕು. ಬೆಲೆ ಒಂದೇ ದಿಕ್ಕಿಗೆ ಸಾಗಿದೆಯೇ ಎಂಬುದಕ್ಕೆ ಒಂದು ಸರಾಸರಿ ಸಾಕು. ದಿನಕ್ಕೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಎಟಿಆರ್ ಹೇಳುತ್ತದೆ. ಅದಕ್ಕೆ ದಿಕ್ಕು ಗೊತ್ತಿಲ್ಲ, ಆದರೆ ನಷ್ಟಕ್ಕೆ ಗಡಿ ಹಾಕುವ ಸ್ಟಾಪ್‌ಲಾಸ್ ಎಷ್ಟು ದೂರ ಇಡಬೇಕೆಂದು ಹೇಳಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೂರನೆಯದು ಬೇಕಿದ್ದರೆ ಬೆಲೆಯ ಹೊರಗಿನಿಂದ, ವಹಿವಾಟಿನ ಪ್ರಮಾಣದಿಂದ ಬರಲಿ. ಉಳಿದವುಗಳನ್ನು ಅವನು ನನ್ನೆದುರೇ ಅಳಿಸಿದ.

ಬೆಲೆಗೇ ಗೊತ್ತಿಲ್ಲದ್ದು ಯಾವ ಸೂಚಕಕ್ಕೂ ಗೊತ್ತಿರುವುದಿಲ್ಲ. 2004ರ ಮೇ 17ರಂದು ಚುನಾವಣೆಯ ಫಲಿತಾಂಶದ ಬೆನ್ನಿಗೆ ಸೆನ್ಸೆಕ್ಸ್ ಶೇ. 11ರಷ್ಟು ಕುಸಿಯಿತು. 2009ರ ಮೇ 18ರಂದು ಅದೇ ಕಾರಣಕ್ಕೆ ತದ್ವಿರುದ್ಧ: ಪೇಟೆ ತೆರೆದ ಕ್ಷಣಕ್ಕೇ ಮೇಲಿನ ಮಿತಿ ಮುಟ್ಟಿ ನಿಂತು, ಮತ್ತೆ ತೆರೆದಾಗ ಇನ್ನೊಮ್ಮೆ ಮುಟ್ಟಿ ದಿನದ ಮಟ್ಟಿಗೆ ಮುಚ್ಚಿತು. ಸೆನ್ಸೆಕ್ಸ್ 2,110 ಅಂಶ ಏರಿತ್ತು. ಮತ ಎಣಿಕೆ ನಡೆದದ್ದು ಶನಿವಾರ, ಚಾರ್ಟಿನ ಕೊನೆಯ ಗೆರೆ ಶುಕ್ರವಾರದ್ದು.

ಶೇರುಪೇಟೆಯ ನಿಯಂತ್ರಕ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅಣ್ಣನ ಮಗನಿಗೆ ಓದಿ ಹೇಳಿದೆ. 2022-23ರಲ್ಲಿ ಅಂದೇ ಕೊಂಡು ಅಂದೇ ಮಾರಿದ ವ್ಯಕ್ತಿಗಳಲ್ಲಿ ಹತ್ತಕ್ಕೆ ಏಳು ಮಂದಿಗೆ ನಷ್ಟ. ಮೂವತ್ತು ದಾಟದವರಲ್ಲಿ ಶೇ. 76. ವರ್ಷಕ್ಕೆ 500ಕ್ಕಿಂತ ಹೆಚ್ಚು ಸಲ ವ್ಯಾಪಾರ ಮಾಡಿದವರಲ್ಲಿ ಶೇ. 80. ಸೆಬಿಯ ಇನ್ನೊಂದು ಅಧ್ಯಯನದ ಪ್ರಕಾರ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಂತೂ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಶೇ. 93 ಮಂದಿ ಕಳೆದುಕೊಂಡರು, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ. ಅವರ ಬಳಿ ಸೂಚಕಗಳಿಗೆ ಕೊರತೆಯಿರಲಿಲ್ಲ; ಚಿಕ್ಕಪ್ಪನಿಗೆ ಸಿಗದಿದ್ದ ಪ್ರತಿಯೊಂದೂ ಅವರ ಅಂಗೈಯಲ್ಲಿತ್ತು. ನನಗೆ ಇದು ಸಂಕಟದ ಸಂಗತಿ. ನಾನು ಕಲಿಸಿದ ಮಕ್ಕಳ ಮಕ್ಕಳು ಆ ಲೆಕ್ಕದಲ್ಲಿದ್ದಾರೆ.

ಹುಡುಗ ಒಪ್ಪಿದನೋ ಬಿಟ್ಟನೋ, ಗ್ರಾಫ್ ಹಾಳೆ ತರಿಸಿಕೊಂಡು ಹತ್ತು ದಿನದ ಸರಾಸರಿ ಕೈಯಲ್ಲಿ ಬರೆಯತೊಡಗಿದ್ದಾನೆ. ಮೊನ್ನೆ ಅವನಿಗೊಂದು ತೊಡಕು ಬಂತು. ಮಧ್ಯಾಹ್ನ ಮೂರೂವರೆಗೆ ಪರದೆಯಲ್ಲಿ ಕಂಡ ಕೊನೆಯ ಬೆಲೆ ಒಂದು, ಆಮೇಲೆ ಎನ್‌ಎಸ್‌ಇ ಮುಕ್ತಾಯದ ಬೆಲೆ ಎಂದು ಪ್ರಕಟಿಸಿದ್ದು ಇನ್ನೊಂದು. ಮುಕ್ತಾಯದ ಬೆಲೆಯನ್ನು ಅವರು ತೆಗೆಯುತ್ತ ಬಂದಿರುವುದು ಕೊನೆಯ ಅರ್ಧ ಗಂಟೆಯ ವಹಿವಾಟುಗಳ ಸರಾಸರಿಯಿಂದ, ಪ್ರತಿ ಬೆಲೆಗೂ ಅಲ್ಲಿ ಕೈಬದಲಾದ ಶೇರುಗಳ ಸಂಖ್ಯೆಯ ತೂಕ ಕೊಟ್ಟು. ಚಿಕ್ಕಪ್ಪ ಬರೆಯುತ್ತಿದ್ದುದು ರಿಂಗಿನಲ್ಲಿ ಕೊನೆಗೆ ಕೂಗಿದ ಬೆಲೆ. ಎರಡೂ ಹಾಳೆಗಳಲ್ಲಿ ಕಾಲಮ್ಮಿನ ಹೆಸರು ಒಂದೇ, ಒಳಗಿನ ವಸ್ತು ಬೇರೆ. 'ಹತ್ತು ದಿನದ ಮೊತ್ತಕ್ಕೆ ಯಾವುದನ್ನ ಕೂಡಿಸ್ಲಿ ಅತ್ತೆ?' ಎಂದು ಕೇಳಿದ. ಕೇಂದ್ರ ಪ್ರಕಟಿಸಿದ್ದನ್ನೇ ಕೂಡಿಸು, ಆದರೆ ಕೊನೆಯ ಬೆಲೆಯನ್ನೂ ಪಕ್ಕದ ಕಾಲಮ್ಮಿನಲ್ಲಿ ಬರೆದಿಡು ಎಂದೆ. ಎರಡರ ಅಂತರ ದೊಡ್ಡದಾದ ದಿನಗಳಲ್ಲಿ ಕೊನೆಯ ಅರ್ಧ ಗಂಟೆ ಯಾರು ಅವಸರದಲ್ಲಿದ್ದರು, ಕೊಳ್ಳುವವರೋ ಮಾರುವವರೋ ಎಂಬುದು ಅಲ್ಲೇ ತಿಳಿಯುತ್ತದೆ.